ಮಸೂದೆ ಕಾಯ್ದೆಯಾಗುವ ಮುನ್ನ

ಬೆಂಗಳೂರಿನ ವಿಧಾನಸೌಧದ ಹಣೆಯ ಮೇಲೆ ಕೆತ್ತಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತು ನಾಡಿನವರಿಗೆಲ್ಲ ಪರಿಚಿತವಾದುದು. ಆ ಮಾತನ್ನು ಓದಿ ಮುಂದೆ ಸಾಗುವ ನಾವು, ಆ ಭವ್ಯ ಕಟ್ಟಡದೊಳಗೆ ಒಂದು ಮಸೂದೆ ಯಾವ ಯಾವ ಮೆಟ್ಟಿಲುಗಳನ್ನೇರಿ ಕಾಯ್ದೆಯಾಗುತ್ತದೆ ಎಂಬುದನ್ನು ತಿಳಿಯುವ ಗೋಜಿಗೆ ಹೋಗುವುದು ವಿರಳ. ಪತ್ರಿಕೆಯಲ್ಲಿ ‘ಮಸೂದೆಗೆ ಅಂಗೀಕಾರ’ ಎಂಬ ತಲೆಬರಹ ಕಂಡ ಮೇಲೆ ನಮ್ಮಲ್ಲಿ ಸಂಚಲನ ಉಂಟಾಗುತ್ತದೆ. ಭಾನುವಾರದ ಬಲಿಪೂಜೆಯ ನಂತರ ಸಹಿ ಸಂಗ್ರಹ ನಡೆಯುತ್ತದೆ. ಮೌನ ಮೆರವಣಿಗೆ ಹೊರಡುತ್ತದೆ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಮನವಿಪತ್ರ ಸಲ್ಲಿಕೆಯಾಗುತ್ತದೆ. ಇವೆಲ್ಲವೂ ನಮ್ಮ ಹಕ್ಕೇ ಸರಿ. ಆದರೆ ಬಾಗಿಲು ತೆರೆದಿದ್ದಾಗ ಹೊರಗೆ ನಿಂತಿದ್ದು, ಅದು ಮುಚ್ಚಿದ ಮೇಲೆ ತಟ್ಟುವ ಅಭ್ಯಾಸ ನಮಗೆ ಅಂಟಿಕೊಂಡಿದೆಯೇ ಎಂದು ಕೇಳಿಕೊಳ್ಳುವ ಕಾಲ ಬಂದಿದೆ.

ಆ ತೆರೆದ ಬಾಗಿಲು ಯಾವುದು? ಅದೇ ಸಮಿತಿಯ ಹಂತ.

ನಮ್ಮ ರಾಜ್ಯದ ವಿಧಾನಮಂಡಲಕ್ಕೆ ಎರಡು ಸದನಗಳುಂಟು. 224 ಮಂದಿ ಚುನಾಯಿತ ಸದಸ್ಯರ ವಿಧಾನಸಭೆ ಒಂದು. 75 ಮಂದಿಯ ವಿಧಾನ ಪರಿಷತ್ತು ಇನ್ನೊಂದು. ದೇಶದಲ್ಲಿ ಮೇಲ್ಮನೆಯನ್ನು ಉಳಿಸಿಕೊಂಡಿರುವ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಂಬಂಧಪಟ್ಟ ಇಲಾಖೆ ಸಿದ್ಧಪಡಿಸಿದ ಕರಡು ಸಚಿವ ಸಂಪುಟದ ಒಪ್ಪಿಗೆ ಪಡೆದು, ಉದ್ದೇಶ ಮತ್ತು ಕಾರಣಗಳ ಹೇಳಿಕೆಯೊಡನೆ ಸದನದಲ್ಲಿ ಮಂಡನೆಯಾಗುತ್ತದೆ. ಮಂಡನೆಯಾದ ಬಳಿಕ ಸದನದ ಮುಂದೆ ನಾಲ್ಕು ದಾರಿಗಳಿರುತ್ತವೆ. ಮಸೂದೆಯನ್ನು ಕೂಡಲೇ ಪರ್ಯಾಲೋಚಿಸಬಹುದು. ಆ ಸದನದ ಸದಸ್ಯರೇ ಇರುವ ಪರಿಶೀಲನಾ ಸಮಿತಿಗೆ ಒಪ್ಪಿಸಬಹುದು. ಎರಡೂ ಸದನಗಳ ಸದಸ್ಯರನ್ನೊಳಗೊಂಡ ಜಂಟಿ ಪರಿಶೀಲನಾ ಸಮಿತಿಗೆ ಕಳುಹಿಸಬಹುದು. ಇಲ್ಲವೇ ಸಾರ್ವಜನಿಕರ ಅಭಿಪ್ರಾಯ ತಿಳಿಯುವ ಸಲುವಾಗಿ ಪ್ರಚುರಪಡಿಸಬಹುದು. ಆನಂತರ ಖಂಡ ಖಂಡವಾಗಿ ಚರ್ಚೆ, ತಿದ್ದುಪಡಿ, ಅಂಗೀಕಾರ. ಬಳಿಕ ಇನ್ನೊಂದು ಸದನ. ಕೊನೆಗೆ ರಾಜ್ಯಪಾಲರ ಅಂಕಿತ.

ಈ ನಾಲ್ಕರಲ್ಲಿ ಮೊದಲನೆಯ ದಾರಿಯೇ ಇಂದು ರಾಜಮಾರ್ಗವಾಗಿದೆ. ಉಳಿದ ಮೂರರಲ್ಲಿ ಹುಲ್ಲು ಬೆಳೆದಿದೆ. ರಾಜ್ಯಗಳ ಶಾಸನಸಭೆಗಳ ಕಾರ್ಯವನ್ನು ವರ್ಷವರ್ಷವೂ ಅಧ್ಯಯನ ಮಾಡುವ ಪಿ.ಆರ್.ಎಸ್. ಸಂಸ್ಥೆಯ ಸಮೀಕ್ಷೆಗಳು ಒಂದೇ ಕಥೆಯನ್ನು ಹೇಳುತ್ತಿವೆ: ಮಂಡನೆಯಾದ ದಿನವೋ ಮರುದಿನವೋ ಅಂಗೀಕಾರವಾಗುವ ಮಸೂದೆಗಳ ಪಾಲು ದೊಡ್ಡದು, ಸಮಿತಿಗೆ ಹೋಗುವವುಗಳ ಪಾಲು ಅತ್ಯಲ್ಪ. ಇದು ಯಾವುದೋ ಒಂದು ಪಕ್ಷದ ಅಥವಾ ಒಂದು ರಾಜ್ಯದ ದೋಷವಲ್ಲ. ಅಧಿಕಾರದಲ್ಲಿರುವವರಿಗೆ ಅವಸರ, ವಿರೋಧ ಪಕ್ಷದಲ್ಲಿರುವವರಿಗೆ ಸಮಿತಿಯ ನೆನಪು. ಸ್ಥಾನ ಬದಲಾದಾಗ ನಾಲಿಗೆಯೂ ಬದಲಾಗುತ್ತದೆ.

ಸಮಿತಿಗೆ ಅಷ್ಟೊಂದು ಮಹತ್ವವೇಕೆ ಎಂದು ವಾಚಕರು ಕೇಳಬಹುದು. ಸದನದಲ್ಲಿ ಸದಸ್ಯರು ಮಾತನಾಡುವುದು ಗ್ಯಾಲರಿಗೆ, ಮರುದಿನದ ಪತ್ರಿಕೆಗೆ, ತಮ್ಮ ಕ್ಷೇತ್ರದ ಮತದಾರರಿಗೆ. ಸಮಿತಿಯ ಕೊಠಡಿಯಲ್ಲಿ ಹತ್ತಿಪ್ಪತ್ತು ಮಂದಿ ಒಂದು ಮೇಜಿನ ಸುತ್ತ ಕುಳಿತು ಮಸೂದೆಯ ಒಂದೊಂದು ಪದವನ್ನೂ ಹಿಂಜಿ ನೋಡುತ್ತಾರೆ. ಇಲಾಖೆಯ ಅಧಿಕಾರಿಗಳನ್ನು ಕರೆಸಿ ‘ಈ ಮಾತಿನ ಅರ್ಥವೇನು, ಇದು ಯಾರಿಗೆ ಅನ್ವಯಿಸುತ್ತದೆ’ ಎಂದು ಕೇಳುತ್ತಾರೆ. ತಜ್ಞರನ್ನೂ, ಮಸೂದೆಯಿಂದ ಬಾಧಿತರಾಗುವವರ ಪ್ರತಿನಿಧಿಗಳನ್ನೂ ಆಹ್ವಾನಿಸುವ ಅಧಿಕಾರ ಸಮಿತಿಗಿದೆ. ಒಪ್ಪದ ಸದಸ್ಯರು ತಮ್ಮ ಭಿನ್ನಾಭಿಪ್ರಾಯವನ್ನು ಬರಹದಲ್ಲಿ ದಾಖಲಿಸಬಹುದು. ಅದು ವರದಿಯ ಜೊತೆಯಲ್ಲೇ ಸದನಕ್ಕೆ ಬರುತ್ತದೆ. ಸದನದ ಗದ್ದಲದಲ್ಲಿ ಕೇಳಿಸದ ಬಡವನ ಕ್ಷೀಣ ದನಿ ಕೇಳಿಸಬಹುದಾದ ಸ್ಥಳವೆಂದರೆ ಅದೊಂದೇ.

ಇದು ಬರಿಯ ಊಹೆಯ ಮಾತಲ್ಲ. ನಮ್ಮ ಸಂವಿಧಾನದ 25ನೆಯ ವಿಧಿಯನ್ನೇ ತೆಗೆದುಕೊಳ್ಳೋಣ. ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕು ಎಂದು ನಾವು ಇಂದು ಓದುವ ಆ ವಾಕ್ಯದಲ್ಲಿ ‘ಪ್ರಚಾರ’ ಎಂಬ ಪದ ಮೊದಲಿಗೆ ಇರಲಿಲ್ಲ. ಮೂಲಭೂತ ಹಕ್ಕುಗಳ ಉಪಸಮಿತಿ ಸಿದ್ಧಪಡಿಸಿದ ಕರಡು 1947ರ ಏಪ್ರಿಲ್ ತಿಂಗಳಲ್ಲಿ, ಹರೇಂದ್ರ ಕುಮಾರ್ ಮುಖರ್ಜಿಯವರು ಅಧ್ಯಕ್ಷರಾಗಿದ್ದ ಅಲ್ಪಸಂಖ್ಯಾತರ ಉಪಸಮಿತಿಯ ಮುಂದೆ ಬಂದಾಗ, ಮದ್ರಾಸಿನ ಕಥೋಲಿಕ ವಿದ್ವಾಂಸ ಎಂ. ರತ್ನಸ್ವಾಮಿಯವರು ಆ ಕೊರತೆಯನ್ನು ಎತ್ತಿ ತೋರಿಸಿದರು. ಉಪಸಮಿತಿ ಒಪ್ಪಿತು, ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿಯೂ ಒಪ್ಪಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆ ಪದವನ್ನು ಕೈಬಿಡಬೇಕೆಂದು ಕೆಲವರು ವಾದಿಸಿದಾಗ, ಕೆ.ಎಂ. ಮುನ್ಷಿ ಮತ್ತು ಟಿ.ಟಿ. ಕೃಷ್ಣಮಾಚಾರಿಯವರಂಥ ಹಿಂದೂ ಸದಸ್ಯರೇ ಎದ್ದುನಿಂತು ಅದನ್ನು ಸಮರ್ಥಿಸಿದರು. ಸಮಿತಿಯ ಮೇಜಿನ ಮೇಲೆ ಸೇರಿದ ಆ ಒಂದು ಪದ ಅಂದಿನಿಂದ ಇಂದಿನವರೆಗೂ ಸಂವಿಧಾನದಲ್ಲಿ ನಿಂತಿದೆ. ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರೂ ಅದೇ ಸಂವಿಧಾನ ಸಭೆಯ ಸದಸ್ಯರಾಗಿದ್ದರೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ಆ ತಲೆಮಾರಿನವರಿಗೆ ಮಾತು ಸಲ್ಲುವ ಜಾಗ ಯಾವುದೆಂಬುದು ಗೊತ್ತಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. 2021ರ ಡಿಸೆಂಬರ್ 21ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆ ಮಂಡನೆಯಾಯಿತು. ಡಿಸೆಂಬರ್ 23ರಂದು ವಿಧಾನಸಭೆ ಅದನ್ನು ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕರಿಸಿತು. ಕ್ರಿಸ್ತಜಯಂತಿಗೆ ಎರಡೇ ದಿನಗಳಿದ್ದವು. ಪರಿಷತ್ತಿನಲ್ಲಿ ಆಗ ಅದು ಮಂಡನೆಯಾಗಲಿಲ್ಲ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದಿತು. ಸೆಪ್ಟೆಂಬರ್ 15ರಂದು ಪರಿಷತ್ತಿನ ಒಪ್ಪಿಗೆಯೂ ದೊರೆತು, ಆ ತಿಂಗಳು ಮುಗಿಯುವ ಹೊತ್ತಿಗೆ ಕಾಯ್ದೆಯಾಯಿತು. ಈ ಇಡೀ ಪಯಣದಲ್ಲಿ ಮಸೂದೆ ಪರಿಶೀಲನಾ ಸಮಿತಿಯ ಹೊಸ್ತಿಲನ್ನು ತುಳಿಯಲೇ ಇಲ್ಲ.

ಬಲವಂತದಿಂದ, ವಂಚನೆಯಿಂದ ಮತಾಂತರ ಮಾಡುವುದನ್ನು ಧರ್ಮಸಭೆ ಎಂದೂ ಒಪ್ಪಿಲ್ಲ. ವಿಶ್ವಾಸವೆಂಬುದು ಸ್ವತಂತ್ರ ಮನಸ್ಸಿನ ಉತ್ತರವಾಗಿರಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸ್ಪಷ್ಟವಾಗಿ ಸಾರಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅಡಕವಾಗಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ನೀಡಿದ ತೀರ್ಪೂ ನಮಗೆ ತಿಳಿದಿದೆ. ಆದುದರಿಂದ ಇಲ್ಲಿನ ಪ್ರಶ್ನೆ ಆ ಮಸೂದೆಯ ಪದಗಳದ್ದು. ಆಮಿಷದ ವ್ಯಾಖ್ಯಾನದಲ್ಲಿ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜುಗಳಲ್ಲಿನ ಉಚಿತ ಶಿಕ್ಷಣವೂ ಸೇರಿತು. ಹಾಗಾದರೆ ಬಡ ಹುಡುಗಿಯೊಬ್ಬಳ ಶುಲ್ಕವನ್ನು ಮನ್ನಾ ಮಾಡುವ ಧರ್ಮಭಗಿನಿ ಯಾವ ಕ್ಷಣದಲ್ಲಿ ಉಪಕಾರಿಯಾಗಿರುತ್ತಾಳೆ, ಯಾವ ಕ್ಷಣದಲ್ಲಿ ಆರೋಪಿಯಾಗುತ್ತಾಳೆ? ದೂರು ನೀಡುವ ಹಕ್ಕನ್ನು ಮನೆಯವರಿಗೆ, ಬಂಧುಗಳಿಗೆ ಮಾತ್ರವಲ್ಲದೆ ಸಹೋದ್ಯೋಗಿಗಳಿಗೂ ನೀಡಲಾಯಿತು. ನಿರ್ದೋಷಿತ್ವವನ್ನು ಸಾಬೀತುಪಡಿಸುವ ಹೊಣೆ ಆರೋಪಿಯ ಹೆಗಲಿಗೇರಿತು. ಮತಾಂತರಕ್ಕೆ 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗಳಿಗೆ ಘೋಷಣೆ ಸಲ್ಲಿಸಬೇಕೆಂದೂ, ಹಿಂದಿನ ಧರ್ಮಕ್ಕೆ ಮರಳುವವರಿಗೆ ಈ ಕಟ್ಟಳೆ ಇಲ್ಲವೆಂದೂ ವಿಧಿಸಲಾಯಿತು. ಇವು ಘೋಷಣೆ ಕೂಗಿ ಇತ್ಯರ್ಥಪಡಿಸುವ ವಿಷಯಗಳಲ್ಲ. ಪೊಲೀಸ್ ಅಧಿಕಾರಿಯನ್ನೂ, ಶಾಲೆಯ ಮುಖ್ಯಸ್ಥರನ್ನೂ, ನಿವೃತ್ತ ನ್ಯಾಯಾಧೀಶರನ್ನೂ, ಮೋಸ ಹೋದೆನೆಂದು ದೂರುವ ಕುಟುಂಬವನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ಕೇಳಬೇಕಾದ ಪ್ರಶ್ನೆಗಳಿವು. ಕೇಳುವವರಿರಲಿಲ್ಲ; ಏಕೆಂದರೆ ಆ ಮೇಜೇ ಇರಲಿಲ್ಲ.

ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ಪೂಜ್ಯ ಪೀಟರ್ ಮಚಾಡೊ ಅವರೂ ಇತರ ಧರ್ಮಾಧ್ಯಕ್ಷರೂ ಅಂದು ಬಹಿರಂಗವಾಗಿ ಆಕ್ಷೇಪ ವ್ಯಕ್ತಪಡಿಸಿದರು. ಆದರೆ ಅದಕ್ಕೂ ಮೊದಲೇ, ಅದೇ ವರ್ಷದ ಅಕ್ಟೋಬರಿನಲ್ಲಿ, ವಿಧಾನಮಂಡಲದ ಹಿಂದುಳಿದ ವರ್ಗಗಳು ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಸಮಿತಿ ರಾಜ್ಯದ ಚರ್ಚುಗಳ ಹಾಗೂ ಮಿಷನರಿಗಳ ಸಮೀಕ್ಷೆಗೆ ಸೂಚಿಸಿತ್ತೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನಪಿಟ್ಟುಕೊಂಡಿದ್ದೇವೆ? ಅಲ್ಪಸಂಖ್ಯಾತರ ಕಲ್ಯಾಣದ ಹೆಸರಿನಲ್ಲೇ ಇರುವ ಸಮಿತಿಯದು. ಸಮಿತಿಯೆಂಬುದು ತನ್ನಿಂದ ತಾನೇ ಪವಿತ್ರವಾದುದೇನಲ್ಲ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ದನಿ ತಲುಪದ ಸಮಿತಿ ನಮ್ಮ ಬಗ್ಗೆ ಇತರರು ಹೇಳಿದ್ದನ್ನಷ್ಟೇ ಕೇಳುತ್ತದೆ.

ಸಮಿತಿಯ ಹಾದಿಯಲ್ಲಿ ನಡೆದ ಮಸೂದೆಯೊಂದನ್ನೂ ನೋಡೋಣ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ 2017ರ ಜೂನ್‌ನಲ್ಲಿ ವಿಧಾನಸಭೆಗೆ ಬಂದಿತು. ಅದನ್ನು ಎರಡೂ ಸದನಗಳ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಒಂದೆಡೆ ವೈದ್ಯರ ಸಂಘಟನೆಗಳು, ಇನ್ನೊಂದೆಡೆ ರೋಗಿಗಳ ಪರವಾದ ಜನಾರೋಗ್ಯ ಚಳವಳಿಗಳು ತಮ್ಮ ತಮ್ಮ ವಾದಗಳನ್ನು ಮುಂದಿಟ್ಟವು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಚಿಕಿತ್ಸೆ ದೊರೆಯದೆ ಸಾವುಗಳಾದವೆಂಬ ನೋವಿನ ವರದಿಗಳೂ ಬಂದವು. ಕೊನೆಗೆ ಸೆರೆವಾಸದ ಖಂಡ ಸಡಿಲಗೊಂಡು, ಬೆಳಗಾವಿ ಅಧಿವೇಶನದಲ್ಲಿ ಮಸೂದೆಗೆ ಅಂಗೀಕಾರ ದೊರೆಯಿತು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದು, ಬಾಕಿ ಬಿಲ್ಲಿನ ಕಾರಣಕ್ಕೆ ಮೃತದೇಹವನ್ನು ತಡೆಹಿಡಿಯಬಾರದು ಎಂಬ ಮಾನವೀಯ ನಿಯಮಗಳು ಕಾನೂನಿನ ಬಲ ಪಡೆದವು. ಆ ಐದು ತಿಂಗಳು ಸುಗಮವಾಗಿರಲಿಲ್ಲ ನಿಜ. ಆದರೂ ಯಾವ ಖಂಡ ಏನು ಹೇಳುತ್ತದೆಂದು ನಾಡಿಗೆ ಗೊತ್ತಿತ್ತು. ಗೆದ್ದವರಿಗೂ ಸೋತವರಿಗೂ ತಮ್ಮ ಮಾತನ್ನು ಹೇಳಿದೆವೆಂಬ ಸಮಾಧಾನವಿತ್ತು.

ಈಚಿನ ಬೃಹತ್ ಬೆಂಗಳೂರು ಆಡಳಿತ ಮಸೂದೆಯೂ 2024ರ ಜುಲೈನಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋಗಿ, ನಾಗರಿಕರ ಅಹವಾಲುಗಳನ್ನು ಕೇಳಿದ ಸಮಿತಿಯ ವರದಿಯೊಡನೆ ಹಿಂದಿರುಗಿ, 2025ರ ಮಾರ್ಚ್‌ನಲ್ಲಿ ಅಂಗೀಕಾರಗೊಂಡಿತು. ಮನಸ್ಸಿದ್ದರೆ ಮಾರ್ಗವುಂಟು ಎಂಬುದಕ್ಕೆ ಇಷ್ಟು ಸಾಕು. ನೆರೆಯ ಕೇರಳವಂತೂ ಇದನ್ನು ಯಾರ ಮನಸ್ಸಿಗೂ ಬಿಟ್ಟಿಲ್ಲ. ಅಲ್ಲಿ 1980ರಲ್ಲೇ ವಿಷಯವಾರು ಸಮಿತಿಗಳನ್ನು ರಚಿಸಲಾಯಿತು. ಮಂಡನೆಯಾದ ಮಸೂದೆ ಸಾಮಾನ್ಯವಾಗಿ ಸಂಬಂಧಪಟ್ಟ ಸಮಿತಿಗೆ ಹೋಗಿಯೇ ಸದನಕ್ಕೆ ಮರಳುವುದು ಅಲ್ಲಿನ ವಾಡಿಕೆ. ಸಂಸತ್ತು ಇಲಾಖಾವಾರು ಸ್ಥಾಯಿ ಸಮಿತಿಗಳ ಪೂರ್ಣ ವ್ಯವಸ್ಥೆಯನ್ನು ಜಾರಿಗೆ ತಂದದ್ದು 1993ರಲ್ಲಿ.

ಸಮಿತಿಗೆ ಕಳುಹಿಸುವುದೆಂದರೆ ಕಾಲಹರಣ. ಬೇಡವಾದ ಮಸೂದೆಯನ್ನು ಹೂಳಲು ಅದೊಂದು ಗುಂಡಿ. ಅಲ್ಲಿಯೂ ಆಳುವ ಪಕ್ಷದ್ದೇ ಬಹುಮತ ಎಂಬ ಆಕ್ಷೇಪಗಳುಂಟು. ಇವುಗಳಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕಾಲಹರಣಕ್ಕೆ ಮದ್ದು ಗಡುವನ್ನು ಗೊತ್ತುಪಡಿಸುವುದು, ಸಮಿತಿಯನ್ನೇ ಬಿಟ್ಟುಬಿಡುವುದಲ್ಲ. ಇನ್ನು ಬಹುಮತದ ಮಾತು. ಆಳುವ ಪಕ್ಷದ ಸದಸ್ಯನೂ ತನ್ನ ಕ್ಷೇತ್ರದ ಒಬ್ಬ ವಿಧವೆಯ ಕಷ್ಟವನ್ನು ಎದುರಿಗೇ ಕೇಳಿದಾಗ ಒಂದು ಪದವನ್ನು ಬದಲಿಸಲು ಒಪ್ಪಿಯಾನು. ಟಿವಿಯ ಕ್ಯಾಮೆರಾದ ಮುಂದೆ ಒಪ್ಪಲಾರ.

ಈಗ ನಮ್ಮ ಬೆನ್ನನ್ನು ನಾವೇ ನೋಡಿಕೊಳ್ಳಬೇಕಾದ ಮಾತು. 2021ರ ಮಸೂದೆಯನ್ನು ಸಮಿತಿಗೆ ಕಳುಹಿಸಲಿಲ್ಲವೆಂದು ನೊಂದುಕೊಳ್ಳುವ ನಾವು, ಅದಕ್ಕೆ ಹಿಂದಿನ ವರ್ಷ ರೈತರ ಭೂಮಿಗೆ ಸಂಬಂಧಿಸಿದ ಭೂಸುಧಾರಣಾ ತಿದ್ದುಪಡಿಯ ವೇಳೆ, ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆಯ ವೇಳೆ ಏನು ಮಾಡುತ್ತಿದ್ದೆವು? ನೆರೆಯವನ ಮನೆಗೆ ಕಾವು ತಗುಲಿದಾಗ ಕಿಟಕಿ ಮುಚ್ಚಿಕೊಂಡವನಿಗೆ, ತನ್ನ ಮನೆಗೆ ಬೆಂಕಿ ಬಿದ್ದಾಗ ಕೂಗುವ ಹಕ್ಕಿದ್ದರೂ ಕೇಳುವ ಕಿವಿಗಳು ಕಡಮೆ. 2017ರಲ್ಲಿಯೂ ಅಷ್ಟೆ. 1880ರಲ್ಲಿ ಗುರು ಮುಲ್ಲರ್ ಮಂಗಳೂರಿನಲ್ಲಿ ಬಡವರಿಗಾಗಿ ಔಷಧಾಲಯ ತೆರೆದ ಪರಂಪರೆಯವರು ನಾವು. ಆ ಮಸೂದೆ ಬಂದಾಗ ನಮ್ಮ ಮೊದಲ ಪ್ರಶ್ನೆ ‘ಇದರಿಂದ ನಮ್ಮ ಆಸ್ಪತ್ರೆಗಳಿಗೇನು ತೊಂದರೆ’ ಎಂಬುದಾಗಿತ್ತೋ, ‘ಇದರಿಂದ ರೋಗಿಗೇನು ನೆಮ್ಮದಿ’ ಎಂಬುದಾಗಿತ್ತೋ? ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಅಂತರಂಗದಲ್ಲಿ ಹುಡುಕಿಕೊಳ್ಳಲಿ.

ಇನ್ನೂ ಕಠಿಣವಾದ ಪರೀಕ್ಷೆಯೊಂದಿದೆ. 2021ರ ಮಸೂದೆಯಿಂದ ಬಂದ ಆ ಕಾಯ್ದೆಯನ್ನು ರದ್ದುಪಡಿಸಲು ರಾಜ್ಯ ಸಚಿವ ಸಂಪುಟ 2023ರ ಜೂನ್ 15ರಂದು ತೀರ್ಮಾನಿಸಿತು. ನಾವೆಲ್ಲರೂ ಸಂತೋಷಪಟ್ಟೆವು. ಆದರೆ ಸಂಪುಟದ ತೀರ್ಮಾನ ಕಾನೂನಲ್ಲ. ರದ್ದತಿಗೂ ಮಸೂದೆಯೇ ಬೇಕು. ಎರಡು ದಿನಗಳಲ್ಲಿ ಕಟ್ಟಿದ್ದನ್ನು ಎರಡು ದಿನಗಳಲ್ಲಿ ಕೆಡವಿದರೆ, ಮುಂದೆ ಬರುವವರು ಮತ್ತೆ ಎರಡು ದಿನಗಳಲ್ಲಿ ಕಟ್ಟುತ್ತಾರೆ. ನಮಗೆ ಹಿತವಾದ ಮಸೂದೆಯನ್ನೂ ‘ಸಮಿತಿಗೆ ಕಳುಹಿಸಿ, ನಮ್ಮನ್ನು ಟೀಕಿಸುವವರ ಮಾತನ್ನೂ ಕೇಳಿ, ಆನಂತರ ತೀರ್ಮಾನಿಸಿ’ ಎಂದು ಹೇಳುವ ಧೈರ್ಯ ನಮಗಿದೆಯೇ? ಇದ್ದರೆ ಮಾತ್ರ ನಮ್ಮ ಬೇಡಿಕೆ ನ್ಯಾಯದ ಬೇಡಿಕೆಯಾಗುತ್ತದೆ. ಇಲ್ಲವಾದರೆ ಅದು ಅನುಕೂಲದ ಬೇಡಿಕೆಯಷ್ಟೆ.

ಧರ್ಮಸಭೆಗೆ ಸಮಿತಿಯೆಂಬುದು ಹೊಸದೇನಲ್ಲ. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷಿಕ ವಿಶ್ವಾಸಿಗಳು ಗೊಣಗಿದಾಗ ಜೆರುಸಲೇಮಿನ ಪ್ರೇಷಿತರು ಏನು ಮಾಡಿದರೆಂಬುದನ್ನು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ಹೇಳುತ್ತದೆ. ಅವರು ಗೊಣಗಿದವರನ್ನು ಗದರಿಸಲಿಲ್ಲ. ಅವಸರದ ಆಜ್ಞೆಯನ್ನೂ ಹೊರಡಿಸಲಿಲ್ಲ. ಸಮುದಾಯವನ್ನು ಕರೆದರು, ಸತ್ಕೀರ್ತಿವಂತರಾದ ಏಳು ಮಂದಿಯನ್ನು ಆರಿಸಿಕೊಳ್ಳಲು ಹೇಳಿದರು, ಕಾರ್ಯಭಾರವನ್ನು ಆ ಏಳು ಮಂದಿಗೆ ಒಪ್ಪಿಸಿದರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರಿದ್ದವರ ಕೈಗೇ ಹೊಣೆಯನ್ನು ಒಪ್ಪಿಸುವಷ್ಟು ಔದಾರ್ಯ ಅಂದಿನ ಬಹುಸಂಖ್ಯಾತರಲ್ಲಿತ್ತು. ರಾಜಕಾರಣಿಗಳ ಪಾಲಕರೆಂದು ಜಗದ್ಗುರು ದ್ವಿತೀಯ ಜಾನ್ ಪಾಲರು 2000ದಲ್ಲಿ ಘೋಷಿಸಿದ ಸಂತ ಥಾಮಸ್ ಮೋರರನ್ನೂ ನೆನೆಯೋಣ. 1523ರಲ್ಲಿ ಇಂಗ್ಲೆಂಡಿನ ಸಂಸತ್ತಿನ ಸಭಾಧ್ಯಕ್ಷರಾದಾಗ ಅವರು ದೊರೆ ಎಂಟನೆಯ ಹೆನ್ರಿಯಲ್ಲಿ ಬೇಡಿಕೊಂಡದ್ದು, ಸದಸ್ಯರು ನಿರ್ಭಯವಾಗಿ ಮಾತನಾಡುವ ಸ್ವಾತಂತ್ರ್ಯವನ್ನು.

ಹಾಗಾದರೆ ನಾವು ಮಾಡಬೇಕಾದುದೇನು? ಪ್ರತಿಯೊಂದು ಧರ್ಮಪ್ರಾಂತ್ಯದಲ್ಲಿಯೂ ಕಾನೂನು ಬಲ್ಲ ಶ್ರೀಸಾಮಾನ್ಯ ವಿಶ್ವಾಸಿಗಳ ಒಂದು ಸಣ್ಣ ಕೂಟವಿರಲಿ. ಅಧಿವೇಶನ ಆರಂಭವಾದಾಗ ಮಂಡನೆಯಾಗುವ ಮಸೂದೆಗಳನ್ನು ಅವರು ಓದಲಿ. ಕನ್ನಡದಲ್ಲಿ, ಎರಡು ಪುಟಗಳಿಗೆ ಮೀರದಂತೆ, ಜನರಿಗೆ ತಿಳಿಯುವ ಹಾಗೆ ಅದರ ಸಾರವನ್ನು ಧರ್ಮಕೇಂದ್ರಗಳಿಗೆ ತಲುಪಿಸಲಿ. ಸಮಿತಿ ರಚನೆಯಾದರೆ ಅದರ ಸದಸ್ಯರು ಯಾರೆಂದು ತಿಳಿದು, ವಿಧಾನಮಂಡಲದ ಕಾರ್ಯದರ್ಶಿಗಳಿಗೆ ಲಿಖಿತ ಅಹವಾಲು ಸಲ್ಲಿಸಲಿ. ಆ ಅಹವಾಲಿನಲ್ಲಿ ಕೋಪ ಕಡಮೆಯಿರಲಿ; ಯಾವ ಖಂಡ, ಯಾವ ಪದ, ಅದರಿಂದ ಯಾರಿಗೆ ಏನು ತೊಂದರೆ, ಅದರ ಬದಲಿಗೆ ಯಾವ ಪದವಿರಬೇಕು ಎಂಬುದು ಸ್ಪಷ್ಟವಾಗಿರಲಿ. ಸಮಿತಿ ರಚನೆಯಾಗದಿದ್ದರೆ, ಅದನ್ನು ರಚಿಸಿರೆಂದು ತಮ್ಮ ಕ್ಷೇತ್ರದ ಶಾಸಕರನ್ನು ಮನೆಗೇ ಹೋಗಿ ಕೇಳಿಕೊಳ್ಳಲಿ. ಮತ ಕೇಳಲು ನಮ್ಮ ಹೊಸ್ತಿಲಿಗೆ ಬಂದವರ ಹೊಸ್ತಿಲಿಗೆ ನಾವು ಹೋಗಲು ಸಂಕೋಚವೇಕೆ? ಇದರ ಜೊತೆಗೆ, ನಮಗೆ ನೇರವಾಗಿ ಸಂಬಂಧಿಸದ ಮಸೂದೆಯೊಂದಕ್ಕಾದರೂ, ಬಾಧಿತರಾದ ಇತರರ ಪರವಾಗಿ, ವರ್ಷಕ್ಕೊಂದು ಅಹವಾಲನ್ನು ಬರೆಯೋಣ.

ಮೆರವಣಿಗೆಯ ದಿನ ಬಂದರೆ ಮೆರವಣಿಗೆಯನ್ನೂ ಮಾಡೋಣ. ಆದರೆ ಅಂದು ನಮ್ಮ ಕೈಯಲ್ಲಿ ಫಲಕ ಮಾತ್ರವಲ್ಲ, ಆರು ತಿಂಗಳ ಹಿಂದೆಯೇ ಸಲ್ಲಿಸಿದ ಅಹವಾಲಿನ ಪ್ರತಿಯೂ ಇರಲಿ.